ಸೆಕೆಂಡಿನ ಅರವತ್ತರಲ್ಲೊಂದು ಪಾಲು

ಕಂಪ್ಯೂಟರ್ ಆಟ ಬರೆಯುವ ಆಸೆಯಿರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ‘ಎಷ್ಟು ಗಣಿತ ಬರಬೇಕು?’ ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಗಣಿತವೆಂದರೆ ಹೆದರಿ ದೂರ ಉಳಿದವರಿಗೆ ಉತ್ತರ ಹೇಳುವುದು ಸುಲಭ. ಎರಡು ಆಯಾಮದ ಆಟಕ್ಕೆ ಎಸ್ಸೆಸ್ಸೆಲ್ಸಿಯ ಗಣಿತ ಪುಸ್ತಕವೇ ಬಹುಪಾಲು ಸಾಕು, ಉಳಿದದ್ದು ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರದಲ್ಲಿದೆ. ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವವರು ಎರಡನೆಯ ಬಗೆಯವರು. ಇವರಿಗೆ ಗಣಿತ ಚೆನ್ನಾಗಿಯೇ ಬರುತ್ತದೆ. ಅಂಕಪಟ್ಟಿಯಲ್ಲಿ ತೊಂಬತ್ತಕ್ಕೆ ಕಡಿಮೆ ಇರುವುದಿಲ್ಲ. ಚಲನೆಯ ಸಮೀಕರಣಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಪರದೆಯ ಮೇಲೆ ಒಂದು ಚೆಂಡನ್ನು ಮೇಲಕ್ಕೆ ಎಸೆದು ಕೆಳಕ್ಕೆ ಬೀಳಿಸು ಎಂದರೆ ಕೀಲಿಮಣೆಯ ಮುಂದೆ ಕೈಕಟ್ಟಿ ಕೂರುತ್ತಾರೆ. ತಾವು ಪರೀಕ್ಷೆಯಲ್ಲಿ ಬರೆದು ಬಂದದ್ದೂ ಇಲ್ಲಿ ಬೇಕಾಗಿರುವುದೂ ಒಂದೇ ಎಂಬುದು ಅವರಿಗೆ ಕಾಣುವುದಿಲ್ಲ. ದಡ್ಡತನ ಇದಕ್ಕೆ ಕಾರಣವಲ್ಲ ಎಂಬುದು ನನಗೆ ಗೊತ್ತಿತ್ತು. ನಿಜವಾದ ಕಾರಣ ಏನೆಂದು ಹುಡುಕುತ್ತಾ ಬಂದವನಿಗೆ ಕಳೆದ ಬೇಸಿಗೆ ರಜೆಯಲ್ಲಿ, ಸಾಗರದಲ್ಲಿರುವ ಅಕ್ಕನ ಮನೆಯಲ್ಲಿ, ಅದು ಸ್ವಲ್ಪ ಸ್ಪಷ್ಟವಾಯಿತು.

ಶಾಲೆಯ ಲೆಕ್ಕ ಯಾವಾಗಲೂ ಕೊನೆಯನ್ನು ಕೇಳುತ್ತದೆ. ಎಸೆದ ಕಲ್ಲು ಎಷ್ಟು ದೂರದಲ್ಲಿ ಬೀಳುತ್ತದೆ, ಬ್ರೇಕ್ ಹಾಕಿದ ರೈಲು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಗೋಪುರದ ತುದಿಯಿಂದ ಬಿಟ್ಟ ಚೆಂಡು ಯಾವ ವೇಗದಲ್ಲಿ ನೆಲ ಮುಟ್ಟುತ್ತದೆ. ನಡುವೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ‘ಎಸ್ ಈಕ್ವಲ್ಸ್ ಯುಟಿ ಪ್ಲಸ್ ಹಾಫ್ ಎಟಿ ಸ್ಕ್ವೇರ್’ ಎಂಬ ಸೂತ್ರದ ಹೆಚ್ಚುಗಾರಿಕೆಯೇ ಅದು: ನಡುವಿನದನ್ನೆಲ್ಲ ದಾಟಿಸಿ ಒಂದೇ ನೆಗೆತಕ್ಕೆ ಉತ್ತರದ ಬಳಿ ಇಳಿಸುತ್ತದೆ. ಆಟ ಕೇಳುವುದು ಬೇರೆಯದನ್ನು. ನೀನು ಈಗ ಇಲ್ಲಿದ್ದೀಯ, ನಿನ್ನ ವೇಗ ಇಷ್ಟು, ನಿನ್ನ ಮೇಲೆ ಇಂಥ ಬಲ ಇದೆ. ಸೆಕೆಂಡಿನ ಅರವತ್ತರಲ್ಲೊಂದು ಪಾಲು ಕಳೆದಾಗ ಎಲ್ಲಿರುತ್ತೀಯ? ಅಷ್ಟೇ ಸಾಕು. ಅಲ್ಲಿಗೆ ಹೋದ ಮೇಲೆ ಮತ್ತೆ ಅದೇ ಪ್ರಶ್ನೆ. ಕೊನೆ ಎಲ್ಲಿ ಎಂಬುದು ಆಟಕ್ಕೆ ಗೊತ್ತಿರಲು ಸಾಧ್ಯವೇ ಇಲ್ಲ. ಆಡುವವನು ನಡುವೆ ಯಾವ ಗುಂಡಿ ಒತ್ತುತ್ತಾನೋ, ಯಾವ ಗೋಡೆ ಅಡ್ಡ ಬರುತ್ತದೋ ಹೇಳಬಲ್ಲವರು ಯಾರು?

ಹೀಗೆ ಕೇಳಿದಾಗ ಲೆಕ್ಕ ಎರಡು ಸಾಲಿಗೆ ಇಳಿಯುತ್ತದೆ. ವೇಗಕ್ಕೆ, ವೇಗ ಬದಲಾಗುವ ದರವಾದ ವೇಗೋತ್ಕರ್ಷವನ್ನು ಕಾಲದಿಂದ ಗುಣಿಸಿ ಕೂಡಿಸು. ಸ್ಥಾನಕ್ಕೆ, ಆ ವೇಗವನ್ನು ಕಾಲದಿಂದ ಗುಣಿಸಿ ಕೂಡಿಸು. ಅಕ್ಕನ ಮಗ ಇದನ್ನು ನೋಡಿ ಮೊದಲು ಕೇಳಿದ್ದು, ‘ಮಾವ, ಅರ್ಧ ಎಲ್ಲಿ ಹೋಯಿತು?’ ಎಂದು. ಬಹಳ ಒಳ್ಳೆಯ ಪ್ರಶ್ನೆ. ಬಾಯಿಪಾಠವಾಗಿದ್ದ ಸೂತ್ರದ ಆ ½ ಇಲ್ಲಿ ಎಲ್ಲಿಯೂ ಇಲ್ಲ, ಕಾಲದ ವರ್ಗವೂ ಇಲ್ಲ. ಅವನಿಂದಲೇ ಹಾಳೆಯ ಮೇಲೆ ಬರೆಸಿದೆ. ಪ್ರತಿ ಹೆಜ್ಜೆಗೂ ವೇಗ ಒಂದೊಂದು ಹೆಚ್ಚಾದರೆ ಸ್ಥಾನಕ್ಕೆ ಸೇರುವುದು 1, 2, 3, 4 ಹೀಗೆ. ಅವುಗಳ ಮೊತ್ತ? ಹತ್ತನೇ ತರಗತಿಯ ಸಮಾಂತರ ಶ್ರೇಢಿ. ಅವನು ಸೂತ್ರ ಬರೆದ, ಅದರೊಳಗೆ ಹೆಜ್ಜೆಗಳ ಸಂಖ್ಯೆಯ ವರ್ಗವೂ ಇತ್ತು, ಎರಡರಿಂದ ಭಾಗಿಸುವುದೂ ಇತ್ತು. ಸಣ್ಣ ಸಣ್ಣ ಹೆಜ್ಜೆಗಳನ್ನು ಕೂಡಿಸುತ್ತಾ ಹೋದಾಗ ತಾನಾಗಿ ಹುಟ್ಟುವ ಅರ್ಧ ಅದು. ಅವನ ಮುಖದಲ್ಲಿ ಆಗ ಕಂಡ ಹೊಳಪನ್ನು ಯಾವ ಅಂಕಪಟ್ಟಿಯೂ ತಂದಿರಲಾರದು ಎಂದು ನಾನು ನಂಬುತ್ತೇನೆ.

ಕಾಯಿ ನಿಲ್ಲುವ ಬಗೆ

ಅವನು ಬರೆಯುತ್ತಿದ್ದದ್ದು ಕೇರಂ ಆಟ, ಜಾವಾಸ್ಕ್ರಿಪ್ಟ್‌ನಲ್ಲಿ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ತೋಚುವುದಿಲ್ಲ. ಚಲಿಸುವುದೆಲ್ಲ ವೃತ್ತ. ಆಡುವ ಜಾಗ 74 ಸೆಂಟಿಮೀಟರಿನ ಚೌಕ. ನಿಯಮದ ಪ್ರಕಾರ ಸ್ಟ್ರೈಕರ್ 15 ಗ್ರಾಂ ಮೀರಬಾರದು, ಅದರ ವ್ಯಾಸ 4.13 ಸೆಂಟಿಮೀಟರ್ ಮೀರಬಾರದು; ಕಾಯಿ ಐದರಿಂದ ಐದೂವರೆ ಗ್ರಾಂ ತೂಗುತ್ತದೆ, ವ್ಯಾಸ ಹೆಚ್ಚೆಂದರೆ 3.18 ಸೆಂಟಿಮೀಟರ್. ಗುರುತ್ವಾಕರ್ಷಣೆ ಕಾಯಿಯನ್ನು ಹಲಗೆಗೆ ಒತ್ತುತ್ತದೆಯೇ ಹೊರತು ಆಚೀಚೆ ಎಳೆಯುವುದಿಲ್ಲ. ಪರದೆಯ ಆಟ ಕಲಿಯುವವರನ್ನು ಮೊದಲ ದಿನವೇ ಗೊಂದಲಕ್ಕೆ ಕೆಡವುವ ಸಂಗತಿಯೊಂದಿದೆ: ಶಾಲೆಯ ನಕ್ಷೆಯಲ್ಲಿ ಮೇಲಕ್ಕೆ ಏರುವ ವೈ ಅಕ್ಷ ಪರದೆಯಲ್ಲಿ ಕೆಳಕ್ಕೆ ಇಳಿಯುತ್ತದೆ, ಮೂಲಬಿಂದು ಎಡಗಡೆಯ ಮೇಲಿನ ಮೂಲೆಯಲ್ಲಿರುತ್ತದೆ. ಕೇರಂನಲ್ಲಿ ಮೇಲು ಕೆಳಗೆಂಬ ಭೇದವೇ ಇಲ್ಲದ್ದರಿಂದ ಈ ಗೊಂದಲವೂ ಸದ್ಯಕ್ಕೆ ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಕೇರಂ ಕಾಯಿ ಹೇಗೆ ಓಡುತ್ತದೆ ಎಂಬುದು ನಮ್ಮ ಕಡೆಯ ಮನೆಮನೆಗೂ ಗೊತ್ತು. ಪರೀಕ್ಷಕರು ಜಗುಲಿಯಲ್ಲೇ ಇರುತ್ತಾರೆ. ಆ ದಿನ ಪರೀಕ್ಷಕನಾದವನು ನನ್ನ ಅಪ್ಪ. ಅವನಿಗೆ ಕಂಪ್ಯೂಟರಿನ ಗಂಧ ಇಲ್ಲ, ಆದರೆ ಹರೆಯದಲ್ಲಿ ಊರಿನ ಸಂಘದ ಕೊಠಡಿಯಲ್ಲಿ ಕೇರಂ ಆಡಿಯೇ ಸಂಜೆ ಕಳೆದವನು. ಮೊಮ್ಮಗನ ಹೆಗಲ ಮೇಲಿಂದ ಬಗ್ಗಿ ನೋಡಿದ. ಹುಡುಗ ಮೌಸ್ ಎಳೆದು ಬಿಟ್ಟ, ಸ್ಟ್ರೈಕರ್ ಓಡಿತು, ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತೋ ಇಲ್ಲವೋ ಎಂಬಂತೆ ತೆವಳಿತು. ಅಪ್ಪ ಒಂದೆರಡು ಸಲ ನೋಡಿ ಹೇಳಿದ: ‘ಪುಟ್ಟಾ, ಇದು ಹಲಗೆಯ ಮೇಲೆ ಓಡುತ್ತಿಲ್ಲ. ನೀರಿನ ಮೇಲೆ ತೇಲುತ್ತಿದೆ. ಕೇರಂ ಕಾಯಿ ಹೀಗೆ ನಿಲ್ಲುವುದಿಲ್ಲ, ನಿಲ್ಲುವಾಗ ತಟಕ್ಕನೆ ನಿಲ್ಲುತ್ತದೆ.’

ಹುಡುಗನ ಪ್ರೋಗ್ರಾಂ ತೆರೆದು ನೋಡಿದಾಗ ಅಪ್ಪನ ಮಾತು ಅಕ್ಷರಶಃ ನಿಜವಾಗಿತ್ತು. ಕಾಯಿಯನ್ನು ನಿಧಾನಗೊಳಿಸಲು ಅವನು ಪ್ರತಿ ಫ್ರೇಮಿನಲ್ಲಿಯೂ, ಅಂದರೆ ಪರದೆಯ ಚಿತ್ರ ಬದಲಾಗುವ ಆ ಅರವತ್ತರಲ್ಲೊಂದು ಪಾಲಿಗೊಮ್ಮೆ, ವೇಗವನ್ನು 0.98ರಿಂದ ಗುಣಿಸುತ್ತಿದ್ದ. ಹೊಸಬರಿಗಾಗಿ ಬರೆದ ಪಾಠಗಳಲ್ಲಿ ತುಂಬ ಕಾಣುವ ಸಾಲು ಅದು. ಹಾಗೆ ಗುಣಿಸಿದರೆ ಒಂದು ಸೆಕೆಂಡಿನ ನಂತರ ಸುಮಾರು ನೂರಕ್ಕೆ ಮೂವತ್ತರಷ್ಟು ವೇಗ ಉಳಿಯುತ್ತದೆ, ಎರಡು ಸೆಕೆಂಡಿಗೆ ಒಂಬತ್ತು, ಮೂರು ಸೆಕೆಂಡಿಗೆ ಎರಡೂವರೆಯ ಆಸುಪಾಸು. ಸೊನ್ನೆ ಎಂದಿಗೂ ಆಗುವುದಿಲ್ಲ. ಇಲ್ಲಿ ತಡೆಯುವ ಬಲ ವೇಗಕ್ಕೆ ಅನುಪಾತದಲ್ಲಿದೆ: ಜೋರಾಗಿ ಹೋದರೆ ಜೋರು ತಡೆ, ಮೆಲ್ಲಗೆ ಹೋದರೆ ಮೆಲ್ಲನೆಯ ತಡೆ. ನೀರು, ಎಣ್ಣೆಯಂಥ ದ್ರವದಲ್ಲಿ ನಿಧಾನವಾಗಿ ಸಾಗುವ ವಸ್ತುವಿನ ಮೇಲೆ ಇರುವುದು ಇಂಥದೇ ತಡೆ. ಬೋರಿಕ್ ಪೌಡರ್ ಹಾಕಿದ ಒಣ ಹಲಗೆಯ ಮೇಲೆ ಇರುವುದು ಬೇರೆ ಘರ್ಷಣೆ. ವೇಗ ಎಷ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಅಂದರೆ ಗುಣಿಸುವುದಲ್ಲ, ಕಳೆಯುವುದು. ಪ್ರತಿ ಫ್ರೇಮಿಗೂ ವೇಗದಿಂದ ಒಂದೇ ಪ್ರಮಾಣವನ್ನು ಕಳೆಯುತ್ತಾ ಹೋಗಬೇಕು, ಉಳಿದ ವೇಗ ಆ ಪ್ರಮಾಣಕ್ಕಿಂತ ಕಡಿಮೆಯಾದ ಕೂಡಲೇ ಸೊನ್ನೆ ಮಾಡಬೇಕು. ಸೊನ್ನೆ ಮಾಡುವುದನ್ನು ಬಿಟ್ಟರೆ ಕಾಯಿ ಹಿಂದುಮುಂದಾಗಿ ನಡುಗುತ್ತದೆ.

ಹುಡುಗ ಆ ಸಾಲು ತಿದ್ದಿದ. ಮುಂದಿನ ಹೊಡೆತಕ್ಕೆ ಕಾಯಿ ಓಡಿ ತಟಕ್ಕನೆ ನಿಂತಿತು. ‘ಹಾಂ, ಈಗ ಹಲಗೆ ಬಂತು’ ಎಂದ ಅಪ್ಪ. ವೇಗ ಎರಡರಷ್ಟಾದರೆ ಕಾಯಿ ನಾಲ್ಕರಷ್ಟು ದೂರ ಹೋಗುತ್ತದೆ ಎಂಬುದು ಈ ಬಗೆಯ ಘರ್ಷಣೆಯ ಇನ್ನೊಂದು ಗುಣ. ಮೆಲ್ಲಗೆ ತಳ್ಳುವ ಹೊಡೆತ ಕಲಿಯುವುದು ಹೊಸಬರಿಗೆ ಅಷ್ಟು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣವಿರಬೇಕು. ಬೆರಳಿನ ಬಲದಲ್ಲಿ ಆಗುವ ಸಣ್ಣ ಏರುಪೇರು ದೂರದಲ್ಲಿ ದೊಡ್ಡದಾಗಿ ಕಾಣುತ್ತದೆ.

ಎಷ್ಟು ಕಳೆಯಬೇಕು ಎಂಬುದು ಮುಂದಿನ ಪ್ರಶ್ನೆ. ಅಟ್ಟದಿಂದ ಹಳೆಯ ಬೋರ್ಡ್ ಇಳಿಸಿ, ಒರೆಸಿ, ಪೌಡರ್ ಹಾಕಿ, ಕಾಯಿಯನ್ನು ಜಾರಿಸಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆವು. ದೂರವನ್ನು ಸ್ಕೇಲಿನಿಂದ ಅಳೆದೆವು, ಕಾಲವನ್ನು ವಿಡಿಯೊದ ಫ್ರೇಮುಗಳಿಂದ ಎಣಿಸಿದೆವು. ನಿಲ್ಲುವ ಕಾಯಿಯ ಲೆಕ್ಕವನ್ನು ಹಿಂದುಮುಂದಾಗಿ ನೋಡಿದರೆ ಅದು ನಿಂತಲ್ಲಿಂದ ಹೊರಟ ಕಾಯಿಯ ಲೆಕ್ಕವೇ. ಆದ್ದರಿಂದ ವೇಗ ಇಳಿಯುವ ದರ ಎಂದರೆ ದೂರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದಷ್ಟು. ಒಂದು ಸೆಕೆಂಡಿನಲ್ಲಿ 60 ಸೆಂಟಿಮೀಟರ್ ಸರಿದು ನಿಂತ ಕಾಯಿಗೆ ಅದು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 1.2 ಮೀಟರ್, 9.8ರಿಂದ ಭಾಗಿಸಿದರೆ ಘರ್ಷಣಾಂಕ ಸುಮಾರು 0.12. ಪೌಡರ್ ಕಡಿಮೆಯಾದಾಗ ಅಂಕಿ ಏರಿತು, ಹೆಚ್ಚು ಹಾಕಿದಾಗ ಇಳಿಯಿತು. ಮಲೆನಾಡಿನ ಮಳೆಗಾಲದಲ್ಲಿ ಬೋರ್ಡು ತೇವ ಹೀರಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಬಲ್ಲ ಅಪ್ಪ, ಆಟದಲ್ಲಿ ‘ಆಷಾಢದ ಬೋರ್ಡ್’ ಎಂಬ ಒಂದು ಆಯ್ಕೆ ಇರಲಿ ಎಂದ. ಅದು ಈಗ ಆಟದಲ್ಲಿದೆ.

ವಾಸ್ತವ ಮೂಲಗಳಿಲ್ಲ

ಎರಡು ವೃತ್ತಗಳು ತಾಗಿವೆಯೇ ಎಂದು ತಿಳಿಯಲು ಪೈಥಾಗೊರಸ್ ಪ್ರಮೇಯ ಸಾಕು. ಕೇಂದ್ರಗಳ ನಡುವಿನ ದೂರ ಎರಡು ತ್ರಿಜ್ಯಗಳ ಮೊತ್ತಕ್ಕಿಂತ ಕಡಿಮೆಯಾದರೆ ತಾಗಿವೆ. ವರ್ಗಮೂಲ ತೆಗೆಯುವ ಅಗತ್ಯವೂ ಇಲ್ಲ, ವರ್ಗಗಳನ್ನೇ ಹೋಲಿಸಬಹುದು. ತಾಗಿದ ಮೇಲೆ ಏನು ಎಂಬಲ್ಲಿ ಸದಿಶಗಳ, ಅಂದರೆ ಪ್ರಮಾಣದ ಜೊತೆ ದಿಕ್ಕೂ ಇರುವ ಬೆಲೆಗಳ, ಅಧ್ಯಾಯ ಬೇಕಾಗುತ್ತದೆ. ಕಾಯಿಗಳ ಪಕ್ಕೆ ನುಣುಪಾಗಿದೆ ಎಂದುಕೊಂಡರೆ ಬಲ ಹರಿಯುವುದು ಎರಡು ಕೇಂದ್ರಗಳನ್ನು ಸೇರಿಸುವ ಗೆರೆಯುದ್ದಕ್ಕೆ ಮಾತ್ರ. ವೇಗದಲ್ಲಿ ಆ ಗೆರೆಯ ದಿಕ್ಕಿಗೆ ಎಷ್ಟು ಪಾಲಿದೆ ಎಂದು ಹೇಳುವುದೇ ಅದಿಶ ಗುಣಲಬ್ಧ, ಅಂದರೆ ಡಾಟ್ ಪ್ರಾಡಕ್ಟ್. ಆ ಪಾಲು ಮಾತ್ರ ಬದಲಾಗುತ್ತದೆ, ಅಡ್ಡ ಪಾಲು ಹಾಗೇ ಉಳಿಯುತ್ತದೆ. ಕಾಯಿಯನ್ನು ಕಟ್ ಮಾಡಿ ಪಾಕೆಟ್ಟಿಗೆ ಕಳುಹಿಸುವವರು ಕಣ್ಣಿನಲ್ಲೇ ಮಾಡುವ ಲೆಕ್ಕ ಇದು. ಕಾಯಿ ಯಾವ ಕಡೆ ಹೋಗಬೇಕೋ ಅದರ ಎದುರು ಬದಿಯ ಅಂಚನ್ನು ನೋಡಿ ಹೊಡೆ ಎಂದು ಅಪ್ಪ ನಮಗೆಲ್ಲ ಕಲಿಸಿದ್ದ. ಡಾಟ್ ಪ್ರಾಡಕ್ಟ್ ಎಂಬ ಹೆಸರು ಅವನಿಗೆ ಬೇಕಾಗಿರಲಿಲ್ಲ, ಪ್ರೋಗ್ರಾಮಿಗೆ ಬೇಕು.

ಈ ಲೆಕ್ಕದಿಂದ ಹೊರಬೀಳುವ ಅಂಕಿಗಳು ಬಹಳ ಚಂದ. ಸ್ಟ್ರೈಕರ್ 15 ಗ್ರಾಂ, ಕಾಯಿ 5.5 ಗ್ರಾಂ ಎಂದು ಹಿಡಿದು, ಡಿಕ್ಕಿಯಲ್ಲಿ ಶಕ್ತಿ ನಷ್ಟವಾಗುವುದಿಲ್ಲ ಎಂದುಕೊಳ್ಳೋಣ. ನೇರ ಹೊಡೆದಾಗ ಕಾಯಿ ಸ್ಟ್ರೈಕರಿನ ಮೊದಲಿನ ವೇಗದ 1.46ರಷ್ಟು ವೇಗದಲ್ಲಿ ಹಾರುತ್ತದೆ, ಸ್ಟ್ರೈಕರ್ 0.46ರಷ್ಟು ವೇಗದಲ್ಲಿ ಹಿಂದೆಯೇ ಹೋಗುತ್ತದೆ. ಹೊಡೆದದ್ದಕ್ಕಿಂತ ಹೊಡೆಸಿಕೊಂಡದ್ದೇ ಜೋರು. ಕಾಯಿಯ ಹಿಂದೆಯೇ ಸ್ಟ್ರೈಕರ್ ಕೂಡ ಪಾಕೆಟ್ಟಿಗೆ ಬಿದ್ದು ದಂಡ ತೆರುವುದಕ್ಕೆ ಆ 0.46 ಕಾರಣ. ಇನ್ನೊಂದು: ನಿಂತ ಒಂಟಿ ಕಾಯಿಗೆ ಹೇಗೇ ಹೊಡೆದರೂ ಸ್ಟ್ರೈಕರ್ ತನ್ನ ದಾರಿಯಿಂದ ಸುಮಾರು ಇಪ್ಪತ್ತೊಂದೂವರೆ ಡಿಗ್ರಿಗಿಂತ ಹೆಚ್ಚು ವಾಲಲಾರದು. ತೂಕಗಳ ಅನುಪಾತವೇ ಆ ಕೋನದ ಸೈನ್. ಇದನ್ನು ಹುಡುಗ ಮೊದಲು ಪರದೆಯಲ್ಲಿ ಕಂಡ, ಆಮೇಲೆ ಹಾಳೆಯಲ್ಲಿ ಸಾಧಿಸಿದ. ಈ ಕ್ರಮವೇ ಸರಿಯಾದದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಣ್ಣಿಗೆ ಬಿದ್ದು ಕಾಡಿದ್ದನ್ನು ಸಾಧಿಸುವಾಗ ಇರುವ ಹಸಿವು, ಸಾಧಿಸಿ ಎಂದು ಕೊಟ್ಟ ಪ್ರಶ್ನೆಗೆ ಇರುವುದಿಲ್ಲ.

ಆದರೆ ಜೋರು ಹೊಡೆತಗಳಲ್ಲಿ ಸ್ಟ್ರೈಕರ್ ಕೆಲವೊಮ್ಮೆ ಕಾಯಿಯ ಮೂಲಕ ತೂರಿಹೋಗುತ್ತಿತ್ತು. ಕಾರಣ ಸರಳ. ಸೆಕೆಂಡಿಗೆ 5 ಮೀಟರ್ ವೇಗವೆಂದರೆ ಒಂದು ಫ್ರೇಮಿಗೆ 8.3 ಸೆಂಟಿಮೀಟರ್. ಸ್ಟ್ರೈಕರ್ ಮತ್ತು ಕಾಯಿ ಒಂದನ್ನೊಂದು ತಾಗಿರುವ ದಾರಿಯ ಉದ್ದ, ನೇರ ಹೊಡೆತದಲ್ಲಿ ಕೂಡ, ಎರಡು ವ್ಯಾಸಗಳ ಮೊತ್ತವಾದ 7.3 ಸೆಂಟಿಮೀಟರ್ ಮಾತ್ರ. ಒಂದು ಫ್ರೇಮಿನಲ್ಲಿ ಕಾಯಿಯ ಈಚೆ ಇದ್ದದ್ದು ಮುಂದಿನದರಲ್ಲಿ ಆಚೆ ಇರುತ್ತದೆ, ತಾಗಿದ ಗಳಿಗೆಯನ್ನು ಯಾರೂ ನೋಡಿರುವುದಿಲ್ಲ. ಇದಕ್ಕೆ ಎರಡು ದಾರಿ ಇವೆ. ಹೆಜ್ಜೆಯನ್ನು ಇನ್ನೂ ಸಣ್ಣದು ಮಾಡುವುದು ಒಂದು. ತಾಗುವ ಗಳಿಗೆ ಯಾವುದು ಎಂದು ನೇರವಾಗಿ ಕೇಳುವುದು ಇನ್ನೊಂದು. ನಾನು ಎರಡನೆಯದನ್ನು ಮಾಡಿಸಿದೆ.

ಕಾಲವನ್ನು ಅಜ್ಞಾತ ಎಂದು ಇಟ್ಟುಕೊಂಡು, ಆ ಕಾಲದಲ್ಲಿ ಕೇಂದ್ರಗಳ ನಡುವಿನ ದೂರದ ವರ್ಗ ತ್ರಿಜ್ಯಗಳ ಮೊತ್ತದ ವರ್ಗಕ್ಕೆ ಸಮ ಎಂದು ಬರೆದರೆ ಸಿಗುವುದು ಒಂದು ವರ್ಗಸಮೀಕರಣ. ಹುಡುಗ ಅದನ್ನು ಬಿಡಿಸಿ, ಜೋಡಿಸಿ, ಸೂತ್ರ ಹಾಕಿದ. ಎರಡು ಮೂಲಗಳು ಬಂದವು. ‘ಯಾವುದನ್ನು ತೆಗೆದುಕೊಳ್ಳಬೇಕು?’ ಎಂದ. ‘ಎರಡಕ್ಕೂ ಅರ್ಥ ಇದೆ, ನೀನೇ ಹೇಳು’ ಎಂದೆ. ಅವನು ಬೋರ್ಡಿನ ಮೇಲೆ ಸ್ಟ್ರೈಕರನ್ನು ಕೈಯಲ್ಲಿ ಹಿಡಿದು, ಕಾಯಿಯ ಮೇಲೆ ಹಾಯಿಸುವಂತೆ ನಿಧಾನವಾಗಿ ಸರಿಸುತ್ತಾ ಹೋದ. ಚಿಕ್ಕ ಮೂಲ, ಮೊದಲು ತಾಗುವ ಗಳಿಗೆ. ದೊಡ್ಡ ಮೂಲ, ಅಡ್ಡಿಯಿಲ್ಲದೆ ತೂರಿ ಹೋಗಿದ್ದರೆ ಆಚೆ ಬದಿಯಲ್ಲಿ ಬಿಟ್ಟು ಹೋಗುವ ಗಳಿಗೆ. ನಂತರ ಅವನು ಸುಮ್ಮನೆ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: ‘ಹಾಗಾದರೆ ಶೋಧಕ, ಸೂತ್ರದ ವರ್ಗಮೂಲದೊಳಗಿನ ಅಂಕಿ, ಸೊನ್ನೆಗಿಂತ ಕಡಿಮೆ ಬಂದರೆ ಸ್ಟ್ರೈಕರ್ ಕಾಯಿಗೆ ತಾಗಲೇ ಇಲ್ಲ ಎಂದು ಅರ್ಥವೇ?’ ಹೌದು. ‘ಸೊನ್ನೆಯೇ ಬಂದರೆ ಸವರಿಕೊಂಡು ಹೋಯಿತು ಎಂದೇ?’ ಹೌದು. ಹತ್ತನೇ ತರಗತಿಯಲ್ಲಿ ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ಅಡಿಗೆರೆ ಎಳೆದು ಅಂಕ ಪಡೆದದ್ದು ಅವನಿಗೆ ನೆನಪಿತ್ತು. ಆ ಮಾತಿಗೆ ಲೋಕದಲ್ಲಿ ಒಂದು ಅರ್ಥ ಇರಬಹುದೆಂದು ಯಾರೂ ಅವನಿಗೆ ತೋರಿಸಿರಲಿಲ್ಲ. ನನಗೂ ಆ ವಯಸ್ಸಿನಲ್ಲಿ ಯಾರೂ ತೋರಿಸಿರಲಿಲ್ಲ. ಗುರಿ ತಪ್ಪಿದ ಹೊಡೆತದಷ್ಟು ಸರಳವಾದ ಸಂಗತಿ ಅದು.

ಐದು ಪಿಕ್ಸೆಲ್

ಕೇರಂ ಬಿಟ್ಟು ಸ್ವಲ್ಪ ಆಚೆ ಹೋಗುತ್ತೇನೆ. ನೆಗೆಯುವ ನಾಯಕನಿರುವ ಆಟಗಳಲ್ಲಿ ಗುರುತ್ವಾಕರ್ಷಣೆ 9.8 ಎಂದು ಹಾಕಿ ನಿರಾಶರಾದವರನ್ನು ಬಹಳ ಮಂದಿ ನೋಡಿದ್ದೇನೆ. ಪಿಕ್ಸೆಲ್‌ಗಳ ಲೋಕದಲ್ಲಿ ಆ ಅಂಕಿಗೆ ಅರ್ಥವಿಲ್ಲ. ಇಲ್ಲಿ ಕೇಳಬೇಕಾದದ್ದು, ನಾಯಕ ಎಷ್ಟು ಎತ್ತರ ನೆಗೆಯಬೇಕು, ತುದಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು. 120 ಪಿಕ್ಸೆಲ್ ಎತ್ತರ, 0.4 ಸೆಕೆಂಡು ಎನ್ನೋಣ. ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವ 1500, ಎತ್ತರದ ಎರಡರಷ್ಟನ್ನು ಕಾಲದಿಂದ ಭಾಗಿಸಿದರೆ ನೆಗೆಯುವ ವೇಗ 600. ಕೇರಂ ಕಾಯಿ ನಿಲ್ಲುವುದಕ್ಕೆ ಬಳಸಿದ ಸೂತ್ರವೇ ಇದು, ಅಕ್ಷರ ಕೂಡ ಬದಲಾಗಿಲ್ಲ. ಹಲಗೆಯ ಮೇಲೆ ಜಾರಿ ನಿಲ್ಲುವ ಕಾಯಿ, ಗಾಳಿಯಲ್ಲಿ ಏರಿ ಒಂದು ಕ್ಷಣ ನಿಲ್ಲುವ ನಾಯಕ, ಇಬ್ಬರೂ ಸಮನಾಗಿ ವೇಗ ಕಳೆದುಕೊಳ್ಳುವವರು.

ಈಗ ಎರಡು ಸಾಲಿನ ಲೆಕ್ಕದಿಂದ ಈ ನೆಗೆತವನ್ನು ನಡೆಸಿ ನೋಡೋಣ. ಸೆಕೆಂಡಿಗೆ 60 ಫ್ರೇಮ್ ಇದ್ದರೆ 24 ಹೆಜ್ಜೆ, ಪ್ರತಿ ಹೆಜ್ಜೆಗೂ ವೇಗ 25 ಇಳಿಯುತ್ತದೆ. ಕೂಡಿಸಿದರೆ ನಾಯಕ ಮುಟ್ಟುವ ಎತ್ತರ 120 ಅಲ್ಲ, 115. ಸೆಕೆಂಡಿಗೆ 30 ಫ್ರೇಮ್ ಮಾತ್ರ ಓಡಿಸಬಲ್ಲ ಹಳೆಯ ಮೊಬೈಲಿನಲ್ಲಿ 12 ಹೆಜ್ಜೆ, ಪ್ರತಿ ಹೆಜ್ಜೆಗೂ 50 ಇಳಿತ, ಎತ್ತರ 110. ಕಟ್ಟೆಯೊಂದು 112 ಪಿಕ್ಸೆಲ್ ಎತ್ತರದಲ್ಲಿದ್ದರೆ ಒಳ್ಳೆಯ ಫೋನ್ ಇರುವ ಮಗು ಹತ್ತುತ್ತದೆ, ಹಳೆಯ ಫೋನ್ ಇರುವ ಮಗು ಹತ್ತುವುದಿಲ್ಲ. ಎಷ್ಟು ಸಲ ಪ್ರಯತ್ನಿಸಿದರೂ ಹತ್ತುವುದಿಲ್ಲ, ತನಗೆ ಆಡಲು ಬರುವುದಿಲ್ಲ ಎಂದುಕೊಂಡು ಬಿಟ್ಟುಬಿಡುತ್ತದೆ. ಈ ಅನ್ಯಾಯ ನನಗೆ ಸಣ್ಣದಾಗಿ ಕಾಣುವುದಿಲ್ಲ. ಪರದೆ ಎಷ್ಟು ಸಲವಾದರೂ ಬದಲಾಗಲಿ, ಭೌತಶಾಸ್ತ್ರದ ಹೆಜ್ಜೆ ಮಾತ್ರ ಎಲ್ಲ ಯಂತ್ರಗಳಲ್ಲೂ ಒಂದೇ ಅಳತೆಯದಾಗಿರಬೇಕು. ಕಳೆದ ಕಾಲವನ್ನು ಕೂಡಿಟ್ಟುಕೊಂಡು, ಅರವತ್ತರಲ್ಲೊಂದು ಪಾಲು ತುಂಬಿದಾಗಲೆಲ್ಲ ಒಂದು ಹೆಜ್ಜೆ ಇಡಬೇಕು. ಆ 0.98 ಕೂಡ ಹೀಗೆಯೇ: ಸೆಕೆಂಡಿಗೆ 120 ಫ್ರೇಮ್ ಇರುವ ಪರದೆಯಲ್ಲಿ ಒಂದು ಸೆಕೆಂಡಿಗೆ ನೂರಕ್ಕೆ ಮೂವತ್ತಲ್ಲ, ಒಂಬತ್ತು ಉಳಿಯುತ್ತದೆ.

ಎಡ ಮತ್ತು ಮೇಲಿನ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ನಾಯಕ 1.41ರಷ್ಟು ವೇಗವಾಗಿ ಓಡುವುದು, ಅದಕ್ಕೆ ಸದಿಶದ ಉದ್ದವನ್ನು ಒಂದಕ್ಕೆ ಇಳಿಸುವುದು, ಇವೆಲ್ಲ ಎಲ್ಲರಿಗೂ ಬೇಗ ಗೊತ್ತಾಗುತ್ತವೆ. ಮುಂದೆ ಹೋಗುತ್ತೇನೆ.

225, 224, 222, 219

ಎರಡು ಸಾಲುಗಳ ಕ್ರಮ ಮುಖ್ಯ ಎಂಬುದನ್ನು ಮಾತ್ರ ಹೇಳಲೇಬೇಕು. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಸ್ಥಾನ ಬದಲಿಸಿದರೆ ಸ್ಪ್ರಿಂಗಿಗೆ ಕಟ್ಟಿದ ಗುಂಡು ಸರಿಯಾದ ಮಿತಿಯೊಳಗೆ ತೂಗುತ್ತಿರುತ್ತದೆ. ಎರಡನ್ನೂ ಹಳೆಯ ಬೆಲೆಗಳಿಂದಲೇ ಲೆಕ್ಕ ಹಾಕಿದರೆ ಪ್ರತಿ ತೂಗಿಗೂ ಅದು ತುಸು ಹಿಗ್ಗುತ್ತದೆ, ಹಿಗ್ಗಿ ಹಿಗ್ಗಿ ಪರದೆಯಿಂದಾಚೆ ಹೋಗುತ್ತದೆ. ಹೊಸ ಬೆಲೆಯ ಬದಲು ಹಳೆಯದನ್ನು ಬಳಸಿದ್ದಕ್ಕೆ ಇಲ್ಲದ ಶಕ್ತಿ ಹುಟ್ಟಿಕೊಳ್ಳುತ್ತದೆ. ಇದನ್ನು ಹುಡುಗನಿಗೆ ತೋರಿಸುತ್ತಿದ್ದಾಗ ನನಗೆ ಆರ್ಯಭಟನ ಜ್ಯಾ ಕೋಷ್ಟಕ ನೆನಪಾಯಿತು.

ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ಇರುವುದು ಜ್ಯಾಗಳಲ್ಲ, ಅಂದರೆ ಸೈನ್ ಬೆಲೆಗಳಲ್ಲ, ಅವುಗಳ ನಡುವಿನ ವ್ಯತ್ಯಾಸಗಳು. ಮೂರೂಮುಕ್ಕಾಲು ಡಿಗ್ರಿಗೆ ಒಂದರಂತೆ ಇಪ್ಪತ್ತನಾಲ್ಕು ಅಂಕಿಗಳು: 225, 224, 222, 219, 215, 210 ಎಂದು ಇಳಿಯುತ್ತಾ ಕೊನೆಗೆ 22, 7. ಎಲ್ಲ ಕೂಡಿಸಿದರೆ 3438, ಅವನು ಹಿಡಿದ ತ್ರಿಜ್ಯ. ಮುಂದಿನ ವ್ಯತ್ಯಾಸ ಎಷ್ಟು ಕಡಿಮೆಯಾಗಬೇಕು ಎಂಬುದಕ್ಕೂ ಅಲ್ಲಿ ನಿಯಮ ಇದೆ. ಈವರೆಗೆ ಕೂಡಿದ ಜ್ಯಾವನ್ನು ಮೊದಲ ಜ್ಯಾದಿಂದ, ಅಂದರೆ 225ರಿಂದ, ಭಾಗಿಸಿ ಕಳೆಯಬೇಕು. 225ಕ್ಕೆ ಒಂದು ಕಳೆದರೆ 224. ಕೂಡಿದರೆ 449, ಅದರ ಭಾಗಲಬ್ಧ ಸುಮಾರು ಎರಡು, ಆದ್ದರಿಂದ 222. ಕೂಡಿದರೆ 671, ಸುಮಾರು ಮೂರು, 219. ಹುಡುಗನ ಪಕ್ಕದಲ್ಲಿ ಕುಳಿತು ಈ ಅಂಕಿಗಳನ್ನು ಬರೆದಾಗ ನನಗೆ ಮೈ ಜುಮ್ಮೆಂದಿತು. ಜ್ಯಾವನ್ನು ಸ್ಥಾನ ಎನ್ನಿ, ವ್ಯತ್ಯಾಸವನ್ನು ವೇಗ ಎನ್ನಿ, ಕಳೆಯುವುದನ್ನು ಸ್ಥಾನಕ್ಕೆ ತಕ್ಕಂತೆ ಹಿಂದಕ್ಕೆಳೆಯುವ ಬಲ ಎನ್ನಿ. ಇದು ಸ್ಪ್ರಿಂಗಿನ ಎರಡು ಸಾಲಿನ ಪ್ರೋಗ್ರಾಂ. ಇಲ್ಲಿಯೂ ಆಗಷ್ಟೇ ಸಿಕ್ಕ ಹೊಸ ಬೆಲೆಯೇ ಮುಂದಿನ ಸಾಲಿಗೆ ಹೋಗುತ್ತದೆ. ಆರ್ಯಭಟನ ಮನಸ್ಸಿನಲ್ಲಿದ್ದದ್ದು ಗ್ರಹಗಳ ಲೆಕ್ಕ, ಸ್ಪ್ರಿಂಗ್ ಅಲ್ಲ. ಆದರೂ ಕೊನೆಯ ಸೂತ್ರಕ್ಕೆ ಕಾಯದೆ ಮುಂದಿನ ಹೆಜ್ಜೆಯನ್ನು ಹಿಂದಿನ ಹೆಜ್ಜೆಯಿಂದ ಕಟ್ಟುತ್ತಾ ಹೋಗುವ ಬುದ್ಧಿ ಎರಡೂ ಕಡೆ ಒಂದೇ. ಹುಡುಗ ಆ ಇಪ್ಪತ್ತನಾಲ್ಕು ಅಂಕಿಗಳನ್ನು ಪ್ರೋಗ್ರಾಮಿಗೆ ಹಾಕಿ, ಸ್ಟ್ರೈಕರಿನ ಗುರಿಯ ಗೆರೆಯನ್ನು ಅವುಗಳಿಂದಲೇ ತಿರುಗಿಸಿದ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಆಟಗಳ ಚರಿತ್ರೆಯ ಆರಂಭದಲ್ಲೇ ಸೈನ್ ಒಂದು ಅಡ್ಡಿಯಾಗಿ ನಿಂತಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಿಡಿಪಿ-1 ಎಂಬ ಕಂಪ್ಯೂಟರಿಗೆ ‘ಸ್ಪೇಸ್‌ವಾರ್’ ಬರೆಯಬೇಕೆಂದಿದ್ದ ಸ್ಟೀವ್ ರಸೆಲ್, ಆಟದ ಬಾಹ್ಯಾಕಾಶ ಹಡಗನ್ನು ತಿರುಗಿಸಲು ಸೈನ್ ಮತ್ತು ಕೊಸೈನ್ ಲೆಕ್ಕ ಹಾಕುವ ಪ್ರೋಗ್ರಾಂ ತನ್ನ ಬಳಿ ಇಲ್ಲ ಎಂದು ಕೆಲಸ ಮುಂದೂಡುತ್ತಿದ್ದ. ಗೆಳೆಯ ಆಲನ್ ಕೋಟಕ್ ಯಂತ್ರ ತಯಾರಿಸುವ ಕಂಪನಿಗೇ ಹೋಗಿ ಅದನ್ನು ಕಾಗದದ ಪಟ್ಟಿಯಲ್ಲಿ ತಂದುಕೊಟ್ಟ. ಆಟ 1962ರಲ್ಲಿ ಸಿದ್ಧವಾಯಿತು. ನಡುವಿನ ನಕ್ಷತ್ರದ ಗುರುತ್ವಾಕರ್ಷಣೆಯನ್ನು ಸೇರಿಸಿದವನು ಡ್ಯಾನ್ ಎಡ್ವರ್ಡ್ಸ್. ಹಡಗುಗಳನ್ನು ಆ ನಕ್ಷತ್ರ ಎಳೆಯುತ್ತಿತ್ತು, ಹಾರಿಸಿದ ಟಾರ್ಪೆಡೊಗಳನ್ನು ಎಳೆಯುತ್ತಿರಲಿಲ್ಲ, ಏಕೆಂದರೆ ಅವಕ್ಕೂ ಲೆಕ್ಕ ಹಾಕುವಷ್ಟು ಪುರುಸೊತ್ತು ಯಂತ್ರಕ್ಕಿರಲಿಲ್ಲ. 1972ರ ‘ಪಾಂಗ್’ ಎಂಬ ಟೇಬಲ್ ಟೆನಿಸಿನಂಥ ಆಟದಲ್ಲಿ ಆಲನ್ ಆಲ್ಕಾರ್ನ್ ಪ್ರತಿಫಲನ ನಿಯಮವನ್ನೇ ಬದಿಗಿಟ್ಟು, ಬ್ಯಾಟನ್ನು ಎಂಟು ಪಾಲು ಮಾಡಿ, ಚೆಂಡು ಯಾವ ಪಾಲಿಗೆ ತಾಗಿತು ಎಂಬುದರಿಂದ ಅದರ ಕೋನ ಗೊತ್ತುಮಾಡಿದ. ನಿಯಮ ಮುರಿದದ್ದರಿಂದ ಆಟ ಬಂತು. ಪಾತದ ಕೋನ, ಪ್ರತಿಫಲನದ ಕೋನ ಸಮ ಎಂದು ಇಟ್ಟಿದ್ದರೆ ಆಡುವವನಿಗೆ ಚೆಂಡಿನ ಮೇಲೆ ಹಿಡಿತವೇ ಇರುತ್ತಿರಲಿಲ್ಲ. ಕೇರಂನಲ್ಲಿ ಹಾಗೆ ಮಾಡಿದರೆ ಅಪ್ಪ ಒಪ್ಪುವುದಿಲ್ಲ. ಎಲ್ಲಿ ನಿಯಮಕ್ಕೆ ಬದ್ಧರಾಗಬೇಕು, ಎಲ್ಲಿ ಬಿಡಬೇಕು ಎಂಬುದು ನಿಯಮ ಗೊತ್ತಿದ್ದವರಿಗೆ ಮಾತ್ರ ಸಿಗುವ ಆಯ್ಕೆ.

ಬ್ರೇಕ್

ಇಷ್ಟೆಲ್ಲ ಏಕೆ, ಚಲನೆ, ಡಿಕ್ಕಿಗಳ ಲೆಕ್ಕವನ್ನೆಲ್ಲ ತಾವೇ ಮಾಡುವ, ಸಿದ್ಧವಾದ ಭೌತಶಾಸ್ತ್ರದ ಎಂಜಿನ್‌ಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ, ಬಹಳ ಒಳ್ಳೆಯವು ಇವೆ. ಎರಿನ್ ಕ್ಯಾಟೊ ಬರೆದ ‘ಬಾಕ್ಸ್‌ಟುಡಿ’ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದದ್ದು, 2009ರ ‘ಆಂಗ್ರಿ ಬರ್ಡ್ಸ್’ ಓಡಿದ್ದು ಅದರ ಮೇಲೆಯೇ. ಎರಡನೆಯ ಆಟಕ್ಕೆ ಅದನ್ನು ಖಂಡಿತ ಬಳಸಿ ಎನ್ನುತ್ತೇನೆ. ಮೊದಲನೆಯದನ್ನು ಕೈಯಿಂದ ಬರೆದವರಿಗೆ ಎಂಜಿನ್ ಒಳಗೆ ಏನು ನಡೆಯುತ್ತಿದೆ, ಅದು ಏಕೆ ಹಟ ಮಾಡುತ್ತದೆ ಎಂಬುದು ಓದಿದ ಕೂಡಲೇ ಹೊಳೆಯುತ್ತದೆ. ಹುಡುಗನಿಗೆ ಅದು ಹೊಳೆದದ್ದು ಆಟದ ಮೊದಲ ಹೊಡೆತದಲ್ಲಿ.

ಬ್ರೇಕ್‌ಗೆ ಮುಂಚೆ ಹತ್ತೊಂಬತ್ತು ಕಾಯಿಗಳು ಒಂದಕ್ಕೊಂದು ಅಂಟಿ ಕೂತಿರುತ್ತವೆ: ನಡುವೆ ರೆಡ್, ಸುತ್ತ ಆರು, ಅದರ ಸುತ್ತ ಹನ್ನೆರಡು. ಸ್ಟ್ರೈಕರ್ ಬಡಿದಾಗ ಹೊಡೆತ ಒಂದೇ ಗಳಿಗೆಯಲ್ಲಿ ಎಲ್ಲದರ ಮೂಲಕ ಹರಿಯಬೇಕು. ಎರಡೆರಡನ್ನೇ ಹಿಡಿದು ಲೆಕ್ಕ ಹಾಕುವ ಪ್ರೋಗ್ರಾಮಿನಲ್ಲಿ, ಪಟ್ಟಿಯಲ್ಲಿ ಮೊದಲು ಬಂದ ಜೋಡಿಯ ಕಡೆಗೆ ಗುಂಪು ವಾಲುತ್ತಿತ್ತು. ನಡುವಿಗೆ ನೇರ ಹೊಡೆದರೂ ಎಡ ಬಲ ಬೇರೆ ಬೇರೆಯಾಗಿ ಒಡೆಯುತ್ತಿತ್ತು. ಕಾಗದದ ಮೇಲೆ ಇದಕ್ಕೆ ಒಂದೇ ನೆಗೆತದ ಸೂತ್ರ ಹುಡುಕಲು ಅವನು ಬಹಳ ಹೊತ್ತು ಒದ್ದಾಡಿದ. ಎಂಜಿನ್‌ಗಳು ಮಾಡುವುದು ಅದಲ್ಲ. ಎಲ್ಲ ಜೋಡಿಗಳನ್ನೂ ಒಂದು ಸುತ್ತು ಸರಿಪಡಿಸಿ, ಅದರಿಂದ ಮತ್ತೆ ಕೆಟ್ಟದ್ದನ್ನು ಇನ್ನೊಂದು ಸುತ್ತು ಸರಿಪಡಿಸುತ್ತಾ, ಒಂದೇ ಫ್ರೇಮಿನೊಳಗೆ ಹಲವು ಸುತ್ತು ಹೋಗುತ್ತವೆ; ಪ್ರತಿ ಸುತ್ತಿಗೂ ತಪ್ಪು ಕುಗ್ಗುತ್ತದೆ. ಅವನು ಹತ್ತು ಸುತ್ತು ಹಾಕಿಸಿದ. ಪ್ರತಿ ಸುತ್ತಿಗೂ ಪಟ್ಟಿಯ ಕ್ರಮವನ್ನು ತಿರುವುಮುರುವು ಮಾಡಿದ. ವಾಲುವುದು ಬಹುಮಟ್ಟಿಗೆ ನಿಂತಿತು.

ಆಮೇಲೆ ಅಪ್ಪನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಒಂದೇ ಜಾಗದಿಂದ ಒಂದೇ ಬಲದಲ್ಲಿ ಹೊಡೆದರೆ ಬ್ರೇಕ್ ಪ್ರತಿ ಸಲವೂ ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಹಾಗೇ ಒಡೆಯುತ್ತಿತ್ತು. ‘ಕೈಯಲ್ಲಿ ಜೋಡಿಸಿದ ಕಾಯಿಗಳು ಇಷ್ಟು ಸರಿಯಾಗಿ ಕೂರುವುದಿಲ್ಲ’ ಎಂದ. ಈಗ ಪ್ರತಿ ಆಟದ ಆರಂಭದಲ್ಲಿ ಪ್ರೋಗ್ರಾಂ ಪ್ರತಿಯೊಂದು ಕಾಯಿಯನ್ನೂ ಮಿಲಿಮೀಟರಿನ ಸಣ್ಣದೊಂದು ಪಾಲಿನಷ್ಟು, ಲೆಕ್ಕವಿಲ್ಲದ ದಿಕ್ಕಿಗೆ, ಸರಿಸಿ ಇಡುತ್ತದೆ. ಅಷ್ಟಕ್ಕೇ ಪ್ರತಿ ಬ್ರೇಕ್ ಬೇರೆ ಬೇರೆ. ಕಾಯಿಗಳ ಪಕ್ಕೆ ನುಣುಪು ಎಂದು ಹಿಡಿದದ್ದರಿಂದ ಅವು ಇನ್ನೂ ತಮ್ಮ ಸುತ್ತ ತಿರುಗುವುದಿಲ್ಲ. ಅದಕ್ಕೆ ಬಿಲ್ಲೆಯ ಮೊಮೆಂಟ್ ಆಫ್ ಇನರ್ಷಿಯ, ಅಂದರೆ ತಿರುಗಿಸಲು ಹೋದಾಗ ಅದು ತೋರುವ ಜಡತ್ವದ ಅಳತೆ, ಬೇಕು, ಆ ಅಧ್ಯಾಯವನ್ನು ಹುಡುಗ ಈ ಸಲ ಬೇರೆ ಕಾರಣಕ್ಕಾಗಿ ಓದುತ್ತಿದ್ದಾನೆ.